ಹೊಟ್ಟೆಗೂ ನೈಟ್ ಡ್ಯೂಟಿ

ಸರ್ಕಾರಿ ಆಸ್ಪತ್ರೆಯ ನರ್ಸುಗಳ ಕೋಣೆಯಲ್ಲಿ ಊಟದ ಡಬ್ಬಿಗಿಂತ ಮೊದಲು ಕಣ್ಣಿಗೆ ಬೀಳುವುದು ಗ್ಯಾಸ್ಟ್ರಿಕ್ ಮಾತ್ರೆಯ ಪಟ್ಟಿ. ಬೆಳಗಿನ ಪಾಳಿಗೆ ಬಂದವರೂ ಒಂದು ನುಂಗುತ್ತಾರೆ, ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟವರೂ ಒಂದು ನುಂಗುತ್ತಾರೆ. ಎದೆಯುರಿ, ಹೊಟ್ಟೆ ಉಬ್ಬರ, ಮೂರು ದಿನ ಮಲಬದ್ಧತೆ, ನಾಲ್ಕನೆಯ ದಿನ ಭೇದಿ, ಎಲ್ಲಕ್ಕೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು. ರೋಗಿಯನ್ನು ಹತ್ತು ಪ್ರಶ್ನೆ ಕೇಳಿ ಬರೆದುಕೊಳ್ಳುವವರು ತಮ್ಮ ಹೊಟ್ಟೆಯನ್ನು ಒಂದೂ ಕೇಳುವುದಿಲ್ಲ.

ಕೋವಿಡ್ ಕಾಲದಲ್ಲಿ ಚೀನಾದ ಸಂಶೋಧಕರ ತಂಡವೊಂದು ಆ ಪ್ರಶ್ನೆ ಕೇಳಿತು. ಎರಡು ತಿಂಗಳು ಕೋವಿಡ್ ರೋಗಿಗಳ ನಡುವೆ ದುಡಿದು ಹೊರಬಂದ ವೈದ್ಯರು ಮತ್ತು ನರ್ಸುಗಳ ಮಲದ ಮಾದರಿ ತೆಗೆದುಕೊಂಡು, ಅದರಲ್ಲಿನ ಬ್ಯಾಕ್ಟೀರಿಯಾಗಳ ವಂಶವಾಹಿಯನ್ನು ಓದಿ, ಯಾರು ಉಳಿದಿದ್ದಾರೆ, ಯಾರು ಕಾಣೆಯಾಗಿದ್ದಾರೆ ಎಂದು ಪಟ್ಟಿ ಮಾಡಿತು. ಅಲ್ಲಿಗೇ ಬಿಡದೆ ಅರ್ಧ ವರ್ಷ ಬೆನ್ನುಹತ್ತಿತು. 2022ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಈ ಸಿಬ್ಬಂದಿಯಲ್ಲಿ ಖಿನ್ನತೆ, ಆತಂಕ ಹೆಚ್ಚಿದ್ದವು, ಅದರ ಜೊತೆಗೆ ಕರುಳಿನ ಬ್ಯಾಕ್ಟೀರಿಯಾಗಳ ಸಮತೋಲ ಕೆಟ್ಟಿತ್ತು, ಕೆಲಸ ಮುಗಿದು ಆರು ತಿಂಗಳಾದರೂ ಅದು ಪೂರ್ತಿ ಸರಿಹೋಗಿರಲಿಲ್ಲ. ಮಾನಸಿಕ ಸ್ಥಿತಿಯೊಂದಿಗೆ ನಂಟು ತೋರಿದವುಗಳಲ್ಲಿ ಮುಖ್ಯವಾದದ್ದು ಫೀಕಾಲಿಬ್ಯಾಕ್ಟೀರಿಯಂ, ಉರಿಯೂತವನ್ನು ತಗ್ಗಿಸುವ ಒಳ್ಳೆಯ ಜಾತಿ. ಇನ್ನೂ ಒಂದು ಮಾತು ಅಚ್ಚರಿಯದು. ಕೆಲಸ ಮುಗಿದ ದಿನ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಕಡಿಮೆಯಿತ್ತು, ಯಾವುದು ಹೆಚ್ಚಿತ್ತು ಎನ್ನುವುದನ್ನು ನೋಡಿ, ಆಘಾತದ ನೆನಪು ಮುಂದೆ ಯಾರನ್ನು ಮತ್ತೆ ಕಾಡಬಹುದು ಎಂದು ಅಂದಾಜಿಸುವ ಲೆಕ್ಕಾಚಾರವನ್ನೂ ಅವರು ಮುಂದಿಟ್ಟರು.

ಚೀನಾದವರ ಊಟ ಬೇರೆ, ಕರುಳಿನ ನಿವಾಸಿಗಳೂ ಬೇರೆ. ಅಲ್ಲಿನ ಬ್ಯಾಕ್ಟೀರಿಯಾಗಳ ಹೆಸರನ್ನು ಹಾಗೆಯೇ ತಂದು ನಮ್ಮ ಕರಾವಳಿಯವರ ಹೊಟ್ಟೆಗೆ ಅಂಟಿಸುವುದು ಸರಿಯಲ್ಲ. ಆದರೆ ಒತ್ತಡ ಕರುಳಿಗೆ ಇಳಿಯುವ ದಾರಿ ಎಲ್ಲ ಮನುಷ್ಯರಲ್ಲೂ ಒಂದೇ. ಒತ್ತಡಕ್ಕಂತೂ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಬರವಿಲ್ಲ.

2020ರ ಮಾರ್ಚ್‌ನಲ್ಲಿ ಉತ್ತರ ಕನ್ನಡದ ಮೊದಲ ಕೋವಿಡ್ ಪ್ರಕರಣಗಳು ಕಾಣಿಸಿಕೊಂಡದ್ದು ಭಟ್ಕಳದಲ್ಲಿ, ಕೊಲ್ಲಿ ದೇಶಗಳಿಂದ ಮರಳಿದವರಲ್ಲಿ. ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಸೋಂಕಿತರನ್ನು ಕಾರವಾರದ ಕದಂಬ ನೌಕಾನೆಲೆಯ ಪತಂಜಲಿ ಆಸ್ಪತ್ರೆಗೆ ಒಯ್ಯಲಾಯಿತು. ಆಗ ಮನೆ ಮನೆ ಬಾಗಿಲು ತಟ್ಟಿದವರು ಆಶಾ ಕಾರ್ಯಕರ್ತೆಯರು. ಅದೇ ವರ್ಷದ ಜುಲೈನಲ್ಲಿ ರಾಜ್ಯದ ಆಶಾಗಳು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರಕ್ಕೆ ಕೂತರು ಎನ್ನುವುದನ್ನೂ ಮರೆಯಬಾರದು. ಸೋಂಕಿನ ಭಯ ಒಂದು ಕಡೆ, ತಿಂಗಳ ಕೊನೆಯ ಭಯ ಇನ್ನೊಂದು ಕಡೆ.

ಕೋವಿಡ್ ಹೋಯಿತು, ಕೆಲಸದ ಸ್ವರೂಪ ಹಾಗೇ ಉಳಿಯಿತು. ಡಿಸೆಂಬರ್ ಬಂತೆಂದರೆ ಘಟ್ಟದ ಅಂಚಿನ ಹಳ್ಳಿಗಳಲ್ಲಿ ಮಂಗನ ಕಾಯಿಲೆಯ ಕಾವಲು. ಸತ್ತ ಮಂಗದ ಸುದ್ದಿ, ಉಣ್ಣೆಗಳ ಸಂಗ್ರಹ, ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚುವ ಎಣ್ಣೆ ಹಂಚುವುದು. ಮಳೆಗಾಲ ಬಂತೆಂದರೆ ಇಲಿಜ್ವರ, ಡೆಂಗಿ, ನೆರೆ. 2022ರ ಆಗಸ್ಟ್ 2ರಂದು ಭಟ್ಕಳದಲ್ಲಿ ಮಳೆ ಸುರಿದು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಣ್ಣುಪಾಲಾದರು. ಅದಕ್ಕೆ ಎರಡು ವಾರ ಮೊದಲು, ಜುಲೈ 20ರಂದು, ಹೊನ್ನಾವರದಿಂದ ರೋಗಿಯನ್ನು ಕುಂದಾಪುರದತ್ತ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಸತ್ತಿದ್ದರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಹೋರಾಟ ಅಂದಿನಿಂದ ಇನ್ನೂ ಬಿಸಿಯಾಯಿತು. ತಲೆಗೆ ಪೆಟ್ಟಾದರೆ, ಹೃದಯ ಹಿಡಿದುಕೊಂಡರೆ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕಾದ ಜಿಲ್ಲೆ ಇದು. ರೆಫರ್ ಚೀಟಿ ಬರೆಯುವ ವೈದ್ಯರಿಗೆ, ಹಿಂಬದಿಯಲ್ಲಿ ಆಮ್ಲಜನಕದ ಕೊಳವೆ ಹಿಡಿದು ಕೂತ ಸಿಬ್ಬಂದಿಗೆ ದಾರಿಯ ಪ್ರತಿ ತಿರುವೂ ಹೊಟ್ಟೆಯಲ್ಲಿ ಗೊತ್ತಾಗುತ್ತದೆ.

ಹೊಟ್ಟೆಯಲ್ಲಿ ಏಕೆ? ಅಪಾಯ ಎಂದು ಮಿದುಳಿಗೆ ಅನ್ನಿಸಿದ ಕೂಡಲೇ ಅದರ ತಳದಲ್ಲಿರುವ ಹೈಪೊಥಲಾಮಸ್ ಒಂದು ಹಾರ್ಮೋನು ಬಿಡುತ್ತದೆ. ಅದು ಪಿಟ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ, ಪಿಟ್ಯೂಟರಿ ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗೆ ಹೇಳುತ್ತದೆ, ಅಲ್ಲಿಂದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ರಕ್ತ ಕರುಳಿನಿಂದ ಕೈಕಾಲಿನ ಸ್ನಾಯುಗಳ ಕಡೆ ತಿರುಗುತ್ತದೆ, ಜಠರದ ಚಲನೆ ಮಂದವಾಗುತ್ತದೆ, ದೊಡ್ಡ ಕರುಳಿನದು ಚುರುಕಾಗುತ್ತದೆ. ಪರೀಕ್ಷೆಗೆ ಮುನ್ನ ಮಕ್ಕಳು ಪಾಯಖಾನೆಗೆ ಓಡುವುದು ಇದಕ್ಕೇ. ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಮಿಕ್ಕಿ ನರಕೋಶಗಳಿವೆ. ಮಿದುಳಿಗೂ ಅವುಗಳಿಗೂ ವೇಗಸ್ ಎಂಬ ಉದ್ದದ ನರದ ಮೂಲಕ ಮಾತುಕತೆ ನಡೆದೇ ಇರುತ್ತದೆ. ಸ್ವಾರಸ್ಯವೆಂದರೆ ಆ ನರದ ಎಳೆಗಳಲ್ಲಿ ಹೆಚ್ಚಿನವು ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ.

ಕರುಳಿನ ಒಳಗೋಡೆ ಒಂದೇ ಒಂದು ಸಾಲು ಕೋಶಗಳದ್ದು. ಆ ಕೋಶಗಳನ್ನು ಬಿಗಿಯಾಗಿ ಜೋಡಿಸಿಡುವ ಬೆಸುಗೆಗಳಿವೆ, ಮೇಲೆ ಲೋಳೆಯ ಹೊದಿಕೆಯಿದೆ. ಕುಮಟಾ ಕಡೆಯವರಿಗೆ ಅಘನಾಶಿನಿ ನದಿಯ ಗಜನಿ, ಅಂದರೆ ಉಪ್ಪುನೀರಿನ ಗದ್ದೆಬಯಲು, ಗೊತ್ತಿದ್ದರೆ ಇದನ್ನು ವಿವರಿಸುವುದು ಸುಲಭ. ಕಟ್ಟು ಗಟ್ಟಿಯಿದ್ದು, ಕಿಂಡಿ ಹಲಗೆ ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿದರೆ ಉಪ್ಪುನೀರು ಎಷ್ಟು ಬೇಕೋ ಅಷ್ಟೇ ಒಳಗೆ ಬಂದು ಹೋಗುತ್ತದೆ, ಕಗ್ಗ ಭತ್ತ ಬೆಳೆಯುತ್ತದೆ. ಕಟ್ಟಿನಲ್ಲಿ ಬಿರುಕು ಬಿಟ್ಟಿತೋ, ಆ ವರ್ಷದ ಬೆಳೆ ನೀರುಪಾಲು. ಒತ್ತಡ ಮಾಡುವುದು ಈ ಬಿರುಕಿನ ಕೆಲಸ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದವರು 2014ರಲ್ಲಿ ಇದನ್ನು ಮನುಷ್ಯರಲ್ಲೇ ತೋರಿಸಿದರು. ಆರೋಗ್ಯವಂತ ವಿದ್ಯಾರ್ಥಿಗಳಿಗೆ ಎರಡು ಬಗೆಯ ಸಕ್ಕರೆ ಕುಡಿಸಿ, ನಂತರ ಎಲ್ಲರೆದುರು ಭಾಷಣ ಮಾಡಿಸಿ, ಅವುಗಳಲ್ಲಿ ಎಷ್ಟು ಮೂತ್ರದಲ್ಲಿ ಬಂತು ಎಂದು ಅಳೆದರು. ಭಾಷಣದ ಭಯಕ್ಕೆ ಕಾರ್ಟಿಸಾಲ್ ಏರಿದವರಲ್ಲಿ ಸಣ್ಣ ಕರುಳಿನ ಗೋಡೆ ಸೋರತೊಡಗಿತ್ತು. ಗೋಡೆಯೊಳಗಿನ ಮಾಸ್ಟ್ ಎಂಬ ರೋಗನಿರೋಧಕ ಕೋಶಗಳನ್ನು ಔಷಧ ಕೊಟ್ಟು ಸುಮ್ಮನಿರಿಸಿದಾಗ ಸೋರಿಕೆಯೂ ನಿಂತಿತು. ಒಂದು ಭಾಷಣಕ್ಕೆ ಇಷ್ಟಾದರೆ, ಐಸಿಯು ಖಾಲಿಯಿಲ್ಲ ಎಂದು ರೋಗಿಯ ಮಗನಿಗೆ ಹೇಳಬೇಕಾದ ಗಳಿಗೆಗೆ ಎಷ್ಟಾದೀತು!

ಇನ್ನು ಬ್ಯಾಕ್ಟೀರಿಯಾಗಳು. ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು ಇಸ್ರೇಲಿನ ವೈಜ್ಮನ್ ಸಂಸ್ಥೆಯವರು 2016ರಲ್ಲಿ ಲೆಕ್ಕ ಹಾಕಿದರು; ಎಲ್ಲ ಸೇರಿದರೂ ತೂಕ ಕಾಲು ಕಿಲೋ ಮೀರದು. ಬಹುಪಾಲು ದೊಡ್ಡ ಕರುಳಿನ ವಾಸಿಗಳು. ನಾವು ಅರಗಿಸಲಾರದ ನಾರನ್ನು ಅವು ತಿಂದು ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ದೊಡ್ಡ ಕರುಳಿನ ಗೋಡೆಯ ಕೋಶಗಳಿಗೆ ಅದೇ ಮುಖ್ಯ ಇಂಧನ, ಬೆಸುಗೆಗಳನ್ನು ಬಿಗಿಯಾಗಿಡುವುದೂ ಅದೇ. ಚೀನಾದ ನರ್ಸುಗಳ ಮಲದಲ್ಲಿ ಸಂಶೋಧಕರು ಹುಡುಕಿದ ಫೀಕಾಲಿಬ್ಯಾಕ್ಟೀರಿಯಂ ಈ ಕೆಲಸದಲ್ಲಿ ಎತ್ತಿದ ಕೈ. ಒತ್ತಡ ಬಿದ್ದಾಗ ಮೊದಲು ಸೋಲುವುದು ಇಂಥ ನಿರುಪದ್ರವಿಗಳು. ಆಸ್ಟ್ರೇಲಿಯದ ಕಾಲೇಜು ವಿದ್ಯಾರ್ಥಿಗಳ ಮಲದಲ್ಲಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಪರೀಕ್ಷೆಯ ವಾರದಲ್ಲಿ ಇಳಿದದ್ದು 2008ರಲ್ಲೇ ದಾಖಲಾಗಿದೆ. ಅತ್ತ ಒತ್ತಡದ ಇನ್ನೊಂದು ಹಾರ್ಮೋನಾದ ನಾರ್‌ಅಡ್ರಿನಲಿನ್ ಪ್ರಯೋಗಾಲಯದ ತಟ್ಟೆಯಲ್ಲಿ ಇ. ಕೋಲಿಯಂಥವು ಬೇಗ ಬೇಗ ಬೆಳೆಯಲು ನೆರವಾಗುತ್ತದೆ ಎಂದು ಅಮೆರಿಕದ ಮಾರ್ಕ್ ಲೈಟ್ 1992ರಲ್ಲಿ ತೋರಿಸಿದ್ದರು. ನಮ್ಮ ಭಯದ ರಾಸಾಯನಿಕವನ್ನು ಬ್ಯಾಕ್ಟೀರಿಯಾಗಳು ಓದಬಲ್ಲವು ಎನ್ನುವುದು ಆಗ ಎಷ್ಟೋ ಜನರಿಗೆ ನಂಬಲಾಗದ ಮಾತಾಗಿತ್ತು.

ಮಾತು ಮರಳಿ ಮೇಲಕ್ಕೂ ಹೋಗುತ್ತದೆ. ಜಪಾನಿನ ಕ್ಯೂಶು ವಿಶ್ವವಿದ್ಯಾಲಯದಲ್ಲಿ 2004ರಲ್ಲಿ, ಹುಟ್ಟಿನಿಂದ ಒಂದೂ ಬ್ಯಾಕ್ಟೀರಿಯಾ ಸೋಕದಂತೆ ಸಾಕಿದ ಇಲಿಗಳನ್ನು ಕಟ್ಟಿಹಾಕಿ ನೋಡಿದರು. ಮಾಮೂಲಿ ಇಲಿಗಳಿಗಿಂತ ಅವುಗಳ ಒತ್ತಡದ ಹಾರ್ಮೋನು ಬಹಳ ಹೆಚ್ಚು ಏರಿತು. ಬೈಫಿಡೊಬ್ಯಾಕ್ಟೀರಿಯಂ ಎಂಬ ಒಂದೇ ಜಾತಿಯನ್ನು ಕರುಳಿಗೆ ಬಿಟ್ಟಾಗ ಏರಿಕೆ ತಗ್ಗಿತು. ಹಾಗಾದರೆ ಒತ್ತಡದಿಂದ ಕರುಳು ಕೆಟ್ಟಿತೋ, ಕರುಳು ಕೆಟ್ಟು ಒತ್ತಡ ಹೆಚ್ಚಿತೋ? ಇಲಿಗಳಲ್ಲಿ ಎರಡೂ ನಿಜ. ಮನುಷ್ಯರಲ್ಲಿ ಬಿಡಿಸಿ ಹೇಳುವುದು ಕಷ್ಟ, ಏಕೆಂದರೆ ಒತ್ತಡದಲ್ಲಿರುವವರ ಊಟ, ನಿದ್ದೆ, ಮಾತ್ರೆ ಎಲ್ಲವೂ ಒಟ್ಟಿಗೇ ಏರುಪೇರಾಗಿರುತ್ತವೆ.

ನಿದ್ದೆಯ ವಿಷಯಕ್ಕೆ ಬರೋಣ. ಕರುಳಿನ ಬ್ಯಾಕ್ಟೀರಿಯಾಗಳಿಗೂ ಹಗಲು ರಾತ್ರಿಯ ಲಯವಿದೆ. ನಾವು ಉಣ್ಣುವ ಹೊತ್ತೇ ಅವಕ್ಕೆ ಗಡಿಯಾರ. 2014ರಲ್ಲಿ ವೈಜ್ಮನ್ ಸಂಸ್ಥೆಯವರು ಅಮೆರಿಕದಿಂದ ಇಸ್ರೇಲಿಗೆ ಹಾರಿ ನಿದ್ದೆ ಕೆಡಿಸಿಕೊಂಡ ಇಬ್ಬರ ಮಲವನ್ನು ಇಲಿಗಳ ಕರುಳಿಗೆ ಸೇರಿಸಿದಾಗ, ಆ ಇಲಿಗಳ ತೂಕವೂ ಸಕ್ಕರೆಯೂ ಏರಿದವು. ವಾರಕ್ಕೊಮ್ಮೆ ಪಾಳಿ ಬದಲಾಗುವ ನರ್ಸು ಭಟ್ಕಳ ಬಿಟ್ಟು ಕದಲದೆಯೇ ಆ ವಿಮಾನಯಾನ ಮಾಡುತ್ತಿರುತ್ತಾಳೆ. ಅಮೆರಿಕದ ಮಿಷಿಗನ್‌ನ ನರ್ಸುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಗಲಷ್ಟೇ ದುಡಿಯುವವರಿಗಿಂತ ಪಾಳಿ ಬದಲಾಗುತ್ತಲೇ ಇರುವವರಲ್ಲಿ ಹೊಟ್ಟೆನೋವು ಮತ್ತು ಐಬಿಎಸ್, ಅಂದರೆ ಹೊಟ್ಟೆ ನೋಯುತ್ತ ಭೇದಿಯೋ ಮಲಬದ್ಧತೆಯೋ ಮರಳಿ ಮರಳಿ ಕಾಡುವ ಕರುಳಿನ ತೊಂದರೆ, ಹೆಚ್ಚಿತ್ತು. ನಿದ್ದೆಯ ಗುಣಮಟ್ಟದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅದು ಹಾಗೇ ಉಳಿದಿತ್ತು.

ಮತ್ತೆ ಆ ಮಾತ್ರೆ ಪಟ್ಟಿಗೆ. ಜಠರದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಬೇಕಾದವರಿಗೆ ಒಳ್ಳೆಯ ಔಷಧವೇ. ಆದರೆ ಜಠರದ ಆಮ್ಲ ಬರೀ ಉರಿ ತರಿಸುವುದಕ್ಕಲ್ಲ, ಬಾಯಿಯ ಬ್ಯಾಕ್ಟೀರಿಯಾಗಳು ಕರುಳಿಗೆ ಇಳಿಯದಂತೆ ಕಾಯುವುದೂ ಅದರ ಕೆಲಸ. ಈ ಗುಂಪಿನ ಮಾತ್ರೆಗಳನ್ನು ಬಹುಕಾಲ ನುಂಗುವವರ ಕರುಳಿನಲ್ಲಿ ಬಾಯಿಯ ಜಾತಿಗಳು ಮನೆಮಾಡಿಕೊಳ್ಳುತ್ತವೆ ಎನ್ನುವುದನ್ನು ಯುರೋಪಿನ ದೊಡ್ಡ ಅಧ್ಯಯನಗಳು 2016ರಲ್ಲಿ ತೋರಿಸಿವೆ. ಒತ್ತಡ ಕೆಡಿಸಿದ್ದನ್ನು ಮಾತ್ರೆ ಇನ್ನಷ್ಟು ಕೆಡಿಸಬಹುದು. ಉಬ್ಬರ ಹೆಚ್ಚಾಯಿತೆಂದು ಇನ್ನೊಂದು ಮಾತ್ರೆ.

ಹಾಗಾದರೆ ಪ್ರೊಬಯಾಟಿಕ್ ಕುಡಿದರಾಯಿತಲ್ಲ ಎನ್ನುವವರಿದ್ದಾರೆ. 2011ರಲ್ಲಿ ಐರ್ಲೆಂಡಿನ ಕಾರ್ಕ್‌ನ ವಿಜ್ಞಾನಿಗಳು ಒಂದು ಲ್ಯಾಕ್ಟೊಬ್ಯಾಸಿಲಸ್ ತಳಿಯನ್ನು ತಿನ್ನಿಸಿ ಇಲಿಗಳ ಅಂಜಿಕೆ ತಗ್ಗಿಸಿದರು. ವೇಗಸ್ ನರ ಕತ್ತರಿಸಿದಾಗ ಆ ಗುಣ ಮಾಯವಾಯಿತು. ಜಗತ್ತೇ ಕುಣಿದಾಡಿತು. 2017ರಲ್ಲಿ ಅದೇ ಊರಿನವರು ಅದೇ ತಳಿಯನ್ನು 29 ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದರೆ ಏನೂ ಆಗಲಿಲ್ಲ, ಹುಸಿಮಾತ್ರೆಗಿಂತ ಒಂದಿಷ್ಟೂ ಮೇಲಲ್ಲ. ಸೋತದ್ದನ್ನೂ ಮುಚ್ಚಿಡದೆ ಪ್ರಕಟಿಸಿದ್ದು ಅವರ ದೊಡ್ಡತನ. ಔಷಧಂಗಡಿಯಲ್ಲಿ ಸಿಗುವ ದುಬಾರಿ ಪುಡಿಗಳ ಪೊಟ್ಟಣದ ಮೇಲೆ ಈ ಕಥೆ ಅಚ್ಚಾಗಿರುವುದಿಲ್ಲ.

ಊಟದ ಕಡೆಯ ಪುರಾವೆ ಇದಕ್ಕಿಂತ ಗಟ್ಟಿ. ನಾರಿನಿಂದ ಬ್ಯಾಕ್ಟೀರಿಯಾಗಳು ಮಾಡುವ ಆಮ್ಲಗಳನ್ನು ಒಂದು ವಾರ ನೇರ ದೊಡ್ಡ ಕರುಳಿಗೆ ತಲುಪಿಸಿದಾಗ ಒತ್ತಡಕ್ಕೆ ಏರುವ ಕಾರ್ಟಿಸಾಲ್ ಕಡಿಮೆಯಾದುದನ್ನು ಲ್ಯೂವೆನ್‌ನವರೇ 2020ರಲ್ಲಿ ಕಂಡರು. ಹುದುಗಿದ ಆಹಾರವನ್ನು ಕೆಲವು ವಾರ ದಿನವೂ ತಿಂದವರಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿ, ಉರಿಯೂತದ ಗುರುತುಗಳು ಇಳಿದದ್ದನ್ನು ಸ್ಟಾನ್‌ಫರ್ಡ್‌ನವರು 2021ರಲ್ಲಿ ವರದಿ ಮಾಡಿದರು. ಅದಕ್ಕೆ ಕೊರಿಯಾದ ಕಿಮ್ಚಿ ತರಿಸಬೇಕಿಲ್ಲ. ಕುಚ್ಚಲಕ್ಕಿ ಗಂಜಿ ತಣಿದಾಗ ಅದರ ಪಿಷ್ಟದ ಒಂದು ಪಾಲು ಅರಗದ ರೂಪಕ್ಕೆ ತಿರುಗಿ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಉಣಿಸಾಗುತ್ತದೆ. ಮನೆಯ ಮೊಸರು, ಮಜ್ಜಿಗೆ, ಬಾಳೆದಿಂಡು, ಹರಿವೆ, ಬಸಳೆ ಎಲ್ಲವೂ ಇಲ್ಲಿಯವೇ. ಬೇಸಗೆಯಲ್ಲಿ ಹೆದ್ದಾರಿ ಬದಿ ಗೊಂಚಲು ಗೊಂಚಲಾಗಿ ತೂಗುವ ಕುಮಟಾದ ಸಿಹಿ ಈರುಳ್ಳಿಯಲ್ಲಿ ಬೈಫಿಡೊಬ್ಯಾಕ್ಟೀರಿಯಂಗೆ ಬಲು ಇಷ್ಟದ ಫ್ರಕ್ಟಾನ್ ಎಂಬ ನಾರಿದೆ. ಆದರೆ ಐಬಿಎಸ್ ಇರುವವರಿಗೆ ಇದೇ ಈರುಳ್ಳಿ ಹೊಟ್ಟೆ ಉಬ್ಬಿಸುವುದೂ ಉಂಟು. ಅವರು ಸ್ವಲ್ಪ ಸ್ವಲ್ಪವೇ ತಿಂದು ನೋಡಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ, ನಿದ್ದೆಯಿಂದ ಎಬ್ಬಿಸುವ ಭೇದಿ ಕಂಡರೆ ಗಂಜಿ ಮಜ್ಜಿಗೆಯನ್ನು ನೆಚ್ಚಿ ಕೂರದೆ ವೈದ್ಯರ ಬಳಿ ಹೋಗಬೇಕು. ನರ್ಸಾದರೂ ಅಷ್ಟೇ, ಡಾಕ್ಟರಾದರೂ ಅಷ್ಟೇ.

ಇಷ್ಟೆಲ್ಲ ಹೇಳಿದ ಮೇಲೂ ಗಂಜಿ ಉಣ್ಣಿ ಎಂದು ಸಿಬ್ಬಂದಿಗೆ ಬುದ್ಧಿ ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಡಬ್ಬಿಯಲ್ಲಿ ಗಂಜಿಯಿದೆ, ಉಣ್ಣಲು ಇಪ್ಪತ್ತು ನಿಮಿಷವಿಲ್ಲ. ಬಾಟಲಿಯಲ್ಲಿ ನೀರಿದೆ, ಕುಡಿದರೆ ಮೂತ್ರಕ್ಕೆ ಹೋಗಬೇಕಾಗುತ್ತದೆಂದು ಕುಡಿಯುವುದಿಲ್ಲ. ಇದು ತಿಳಿವಳಿಕೆಯ ಕೊರತೆಯಲ್ಲ, ಕೈಗಳ ಕೊರತೆ. ಹಾಗಾಗಿ ಕರುಳಿನ ಚಿಕಿತ್ಸೆ ಶುರುವಾಗಬೇಕಾದದ್ದು ಡ್ಯೂಟಿ ಪಟ್ಟಿಯಿಂದ: ಖಾಲಿ ಹುದ್ದೆ ತುಂಬುವುದು, ಪಾಳಿಯನ್ನು ವಾರ ವಾರ ತಿರುಗಿಸದಿರುವುದು, ರಾತ್ರಿ ಪಾಳಿಗೂ ಊಟದ ಹೊತ್ತು ಗೊತ್ತುಮಾಡುವುದು, ರೋಗಿಯನ್ನು ದೂರ ಒಯ್ದು ಮರಳಿದವರಿಗೆ ಮರುದಿನ ಬಿಡುವು ಕೊಡುವುದು. ಪಟ್ಟಿ ಬರೆಯುವವರು ಇದನ್ನು ಓದಿದರೆ ಒಳ್ಳೆಯದು.

ಓದುಗರೂ ಒಂದು ಕೆಲಸ ಮಾಡಬಹುದು. ಮಳೆಗಾಲದಲ್ಲಿ ಜ್ವರದ ಸಮೀಕ್ಷೆಗೆಂದು ಆಶಾ ಕಾರ್ಯಕರ್ತೆ ನಿಮ್ಮ ಅಂಗಳಕ್ಕೆ ಬಂದಾಗ ಒಂದು ಲೋಟ ಮಜ್ಜಿಗೆ ಕೊಡಿ, ಜೊತೆಗೆ ಶೌಚಾಲಯ ಎಲ್ಲಿದೆಯೆಂದೂ ತೋರಿಸಿ, ಅವರಾಗಿಯೇ ಕೇಳುವುದಿಲ್ಲ.