ಟೂಲ್ ಕಿರುಚಿದಾಗ ಬೋಯಿಂಗ್ ಕಾಲೇಜಿಗೆ ಬಂತು

ವರ್ಕ್‌ಶಾಪ್‌ನಲ್ಲಿ ಲೇತ್ ಮುಂದೆ ನಿಂತವರಿಗೆಲ್ಲ ಆ ಸದ್ದು ಗೊತ್ತು. ಡೆಪ್ತ್ ಸ್ವಲ್ಪ ಜಾಸ್ತಿ ಕೊಟ್ಟರೆ ಸಾಕು, ಟೂಲ್ ಕಿರ್ರೋ ಅಂತ ಕಿರುಚಿ ಜಾಬ್ ಮೇಲೆ ಅಲೆ ಅಲೆಯಾಗಿ ಗುರುತು ಮೂಡುತ್ತೆ. ಅದೇ ಚಾಟರ್. ನಮಗೆ ಹೋಗೋದು ಒಂದು ತುಂಡು ಮೈಲ್ಡ್ ಸ್ಟೀಲ್, ಜೊತೆಗೆ ಇನ್‌ಸ್ಟ್ರಕ್ಟರ್ ಹತ್ರ ಎರಡು ಮಾತು. ವಿಮಾನದ ಟೈಟಾನಿಯಂ ಭಾಗ ಕೊರೆಯುವವರಿಗೆ ನಷ್ಟ ಇಷ್ಟಕ್ಕೇ ನಿಲ್ಲಲ್ಲ.

2001ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯ ಮತ್ತು ಬೋಯಿಂಗ್ ಸೇರಿ ಅಡ್ವಾನ್ಸ್ಡ್ ಮ್ಯಾನುಫ್ಯಾಕ್ಚರಿಂಗ್ ರಿಸರ್ಚ್ ಸೆಂಟರ್ ಶುರುಮಾಡಿದವು. 1916ರಲ್ಲಿ ಹುಟ್ಟಿದ ಕಂಪನಿಗೆ ವಿಮಾನ ಕಟ್ಟೋದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮತ್ತೆ ಮೇಷ್ಟ್ರುಗಳ ಹತ್ರ ಯಾಕೆ ಬಂತು?

ಆರ್ಡರ್ ತುಂಬಿರುವಾಗ ಮಷೀನು ನಿಲ್ಲಿಸಿ ಪ್ರಯೋಗ ಮಾಡೋಕೆ ಯಾವ ಪ್ರೊಡಕ್ಷನ್ ಮ್ಯಾನೇಜರ್ ಒಪ್ಪುತ್ತಾರೆ? ‘ಸ್ಪೀಡ್ ಇಳಿಸು, ಕೆಲಸ ಮುಗಿಸು’ ಅಂತಾರೆ. ಆದರೆ ಸ್ಪೀಡ್ ಇಳಿಸೋದೇ ಯಾವಾಗಲೂ ಪರಿಹಾರವಲ್ಲ. ಮಿಲ್ಲಿಂಗ್ ಕಟರ್‌ನ ಒಂದು ಹಲ್ಲು ಬಿಟ್ಟುಹೋದ ಅಲೆಯ ಮೇಲೆ ಮುಂದಿನ ಹಲ್ಲು ಹಾಯುತ್ತೆ. ಎರಡು ಅಲೆಗಳೂ ಹೊಂದಿಕೊಂಡರೆ ಚಿಪ್‌ನ ದಪ್ಪ ಹೆಚ್ಚು ಬದಲಾಗಲ್ಲ. ಹೊಂದದಿದ್ದರೆ ಬಲ ಏರಿಳಿದು ಕಂಪನ ಬೆಳೀತಾನೇ ಹೋಗುತ್ತೆ. ಹಾಗಾಗಿ ಕೆಲವು ನಿರ್ದಿಷ್ಟ ವೇಗಗಳಲ್ಲಿ, ಎಷ್ಟೋ ಸಲ ಈಗಿನದಕ್ಕಿಂತ ಹೆಚ್ಚಿನ ವೇಗದಲ್ಲೇ, ಇನ್ನೂ ಆಳವಾಗಿ ಕೊರೆಯಬಹುದು. ಆ ವೇಗ ಹುಡುಕೋಕೆ ಸೆನ್ಸರ್ ಇರುವ ಸುತ್ತಿಗೆಯಿಂದ ಟೂಲ್ ತುದಿಗೆ ಮೆಲ್ಲಗೆ ತಟ್ಟಿ, ಅದು ಹೇಗೆ ನಡುಗುತ್ತೆ ಅಂತ ಅಳೆದು, ಸ್ಟೆಬಿಲಿಟಿ ಲೋಬ್ ಗ್ರಾಫ್ ಬರೀತಾರೆ. ನಾವು ವೈಬ್ರೇಷನ್ಸ್ ಪೇಪರ್‌ನಲ್ಲಿ ಬರೆದು ಮರೆತ ನ್ಯಾಚುರಲ್ ಫ್ರೀಕ್ವೆನ್ಸಿಯೇ ಇದು!

ಟೈಟಾನಿಯಂ ಇನ್ನೂ ಹಠಮಾರಿ. ಅದರಲ್ಲಿ ಶಾಖ ಬೇಗ ಹರಿಯಲ್ಲ, ಟೂಲ್ ತುದಿಯಲ್ಲೇ ಕೂರುತ್ತೆ, ಹಾಗಾಗಿ ವೇಗ ಏರಿಸುವಂತಿಲ್ಲ. ಅಲ್ಲಿ ಹಲ್ಲುಗಳ ನಡುವಿನ ಅಂತರವನ್ನೇ ಹೆಚ್ಚುಕಮ್ಮಿ ಮಾಡಿದ ಕಟರ್ ಬಳಸಿ ಅಲೆಯ ಲಯ ಮುರೀಬೇಕು.

ಶೆಫೀಲ್ಡ್‌ನಲ್ಲಿ ನನಗೆ ಹಿಡಿಸಿದ್ದು ಅಲ್ಲಿನ ಏರ್ಪಾಡು. ಲ್ಯಾಬಿನ ಆಟಿಕೆಯಲ್ಲ, ಕಾರ್ಖಾನೆಯಷ್ಟೇ ದೊಡ್ಡ ಮಷೀನುಗಳ ಮೇಲೆ ಪ್ರಯೋಗ. ಕಂಪನಿಗಳು ಸದಸ್ಯರಾಗಿ ವರ್ಷ ವರ್ಷ ಹಣ ಕಟ್ಟುತ್ತವೆ. ಟೂಲ್ ಮಾಡುವವರೂ ಇದ್ದಾರೆ, ಅದನ್ನು ಬಳಸುವ ರೋಲ್ಸ್ ರಾಯ್ಸ್‌ನಂಥವರೂ ಇದ್ದಾರೆ. ಸದಸ್ಯರ ಹಣದಲ್ಲಿ ಕಲಿತದ್ದು ಸದಸ್ಯರಿಗೆಲ್ಲ, ಸ್ವಂತ ಗುಟ್ಟಿನ ಕೆಲಸಕ್ಕೆ ಬೇರೆ ದುಡ್ಡು. ಜಗ್ಗಾಟ ಇಲ್ಲ ಅಂತಲ್ಲ. ಪಿಎಚ್‌ಡಿ ಮುಗಿಯೋಕೆ ಮೂರ್ನಾಲ್ಕು ವರ್ಷ, ಕಂಪನಿಗೆ ಉತ್ತರ ಈ ಕ್ವಾರ್ಟರ್‌ಗೇ ಬೇಕು. ವಿದ್ಯಾರ್ಥಿಗೆ ಪೇಪರ್ ಪ್ರಕಟಿಸುವ ಆಸೆ, ಕಂಪನಿಗೆ ಮುಚ್ಚಿಡುವ ಆಸೆ.

2018ರಲ್ಲಿ ಬೋಯಿಂಗ್ ಯೂರೋಪಿನ ತನ್ನ ಮೊದಲ ಕಾರ್ಖಾನೆಯನ್ನು ಶೆಫೀಲ್ಡ್‌ನಲ್ಲೇ ತೆರೆಯಿತು. 737 ಮತ್ತು 767 ವಿಮಾನಗಳ ರೆಕ್ಕೆಯ ಫ್ಲಾಪ್ ಅಲುಗಾಡಿಸುವ ಭಾಗಗಳು ಅಲ್ಲಿ ತಯಾರಾಗುತ್ತವೆ.

ತಟ್ಟಿ ನೋಡುವ ಪರೀಕ್ಷೆಯನ್ನು ನಮ್ಮ ಮಷೀನ್ ಶಾಪ್‌ನ ಹಳೇ ಮಿಲ್ಲಿಂಗ್ ಮಷೀನಿನ ಮೇಲೂ ಮಾಡಬಹುದು. ಆಕ್ಸೆಲರೋಮೀಟರ್ ವೈಬ್ರೇಷನ್ ಲ್ಯಾಬಿನ ಬೀರುವಿನಲ್ಲಿದೆ. ಬೀಗದ ಕೈ ಯಾರ ಹತ್ರ ಇದೆ ಅಂತ ವಿಚಾರಿಸ್ತಾ ಇದ್ದೀನಿ, ಜೊತೆಗೆ ಬರುವವರು ಹೇಳಿ.