‘ಸ್ಟೋರಿಡ್’ ಎಂಬ ಶಬ್ದವೂ ನಮ್ಮ ದುರ್ಗವೂ

ಚಿತ್ರದುರ್ಗದಂತಹ ಸ್ಥಳಗಳನ್ನು ವರ್ಣಿಸುವಾಗ ಆಂಗ್ಲ ಭಾಷೆಯಲ್ಲಿ ‘ಸ್ಟೋರಿಡ್’ ಎಂಬ ವಿಶೇಷಣವನ್ನು ಪ್ರಯೋಗಿಸುವುದುಂಟು. ಕಥೆಗಳಲ್ಲಿಯೂ ಚರಿತ್ರೆಯಲ್ಲಿಯೂ ಕೀರ್ತಿಸಲ್ಪಟ್ಟದ್ದು ಎಂಬುದೇ ಇದರ ಅರ್ಥ. ‘ಇತಿಹಾಸಪ್ರಸಿದ್ಧ’ ಎಂದರೆ ಸಮೀಪವಾದೀತು. ಆದರೆ ಶಬ್ದದ ಮೂಲವನ್ನು ಅರಿತರೆ ಅದರ ಭಾವವು ಇನ್ನೂ ವಿಶದವಾಗುವುದು.

ಗ್ರೀಕರ ‘ಹಿಸ್ತೋರಿಯಾ’ ಎಂದರೆ ವಿಚಾರಣೆ, ವಿಚಾರಣೆಯಿಂದ ದೊರೆತ ತಿಳಿವು. ನಮ್ಮ ‘ವೇದ’, ‘ವಿದ್ಯೆ’ಗಳಲ್ಲಿರುವ ‘ವಿದ್’ ಧಾತುವಿಗೂ ಇದಕ್ಕೂ ಬೇರು ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಈ ಶಬ್ದವು ಲ್ಯಾಟಿನಿಗೂ ಹಳೆಯ ಫ್ರೆಂಚಿಗೂ ಹಾದು, ಆಂಗ್ಲದಲ್ಲಿ ‘ಹಿಸ್ಟರಿ’, ‘ಸ್ಟೋರಿ’ ಎಂದು ಎರಡಾಯಿತು. ಕಥಾಚಿತ್ರಗಳಿಂದ ಅಲಂಕೃತವಾದುದನ್ನೂ ‘ಸ್ಟೋರಿಡ್’ ಎಂದರು. 17ನೆಯ ಶತಮಾನದ ಮಿಲ್ಟನ್ ಕವಿಯು ದೇವಾಲಯದ ಬಣ್ಣದ ಗಾಜಿನ ಕಿಟಕಿಗಳಿಗೆ ಈ ವಿಶೇಷಣವನ್ನಿತ್ತನು. ಹಿರಿಯೂರಿನ ತೇರುಮಲ್ಲೇಶ್ವರ ದೇವಾಲಯದ ಮೇಲ್ಛಾವಣಿಯಲ್ಲಿ ಪುರಾಣಕಥೆಗಳ ವರ್ಣಚಿತ್ರಗಳನ್ನು ಕಂಡವರಿಗೆ ಈ ಅರ್ಥವನ್ನು ಬೇರೆ ವಿವರಿಸಬೇಕಾಗಿಲ್ಲ. ಮನೆಯ ಅಂತಸ್ತನ್ನು ಹೇಳುವ ಆಂಗ್ಲ ಶಬ್ದವೂ ಇದೇ ಮೂಲದ್ದು. ಕಟ್ಟಡಗಳ ಮೇಲೆ ಸಾಲುಸಾಲಾಗಿದ್ದ ಚಿತ್ರಗಳಿಂದ ಆ ಅರ್ಥವು ಬಂದಿರಬಹುದೆಂದು ಪಂಡಿತರ ಊಹೆ.

ಆದುದರಿಂದ ಒಂದು ಸ್ಥಳವು ಈ ವಿಶೇಷಣಕ್ಕೆ ಪಾತ್ರವಾಗಬೇಕಾದರೆ ಅಲ್ಲಿ ವಿಚಾರಿಸುವವರೂ ಇರಬೇಕು, ಹೇಳುವವರೂ ಇರಬೇಕು. ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ, ಡಾ. ಎಂ. ಎಚ್. ಕೃಷ್ಣರಂತಹ ವಿದ್ವಾಂಸರು ಶ್ರಮಪಟ್ಟು ಅದನ್ನು ಓದಿದುದರಿಂದ ಕಲ್ಲು ಮಾತಾಡಿತು. 1779ರಲ್ಲಿ ಹೈದರಾಲಿಯು ದುರ್ಗವನ್ನು ಗೆದ್ದು ಮದಕರಿನಾಯಕನನ್ನು ಸೆರೆಹಿಡಿದುದು ಲಿಖಿತ ಚರಿತ್ರೆ. ಕಿಂಡಿಯಲ್ಲಿ ನುಸುಳಿದ ಶತ್ರುಗಳನ್ನು ಒನಕೆಯಿಂದ ಬಡಿದ ಓಬವ್ವೆಯಾದರೋ ಕಾವಲುಗಾರನ ಮಡದಿ. ಅವಳನ್ನು ಉಳಿಸಿದುದು ಜನರ ನಾಲಗೆ. ಮಕ್ಕಳಿಗೆ ಕಥೆ ಹೇಳಿದ ಅಜ್ಜಿಯರು ಸುಮ್ಮನಿದ್ದಿದ್ದರೆ ಆ ಕಿಂಡಿಯು ಇಂದು ಬರಿಯ ಬಿರುಕಾಗಿರುತ್ತಿತ್ತು. ದುರ್ಗದ ಪತನವನ್ನು ಕುರಿತು ತ. ರಾ. ಸುಬ್ಬರಾಯರು ‘ದುರ್ಗಾಸ್ತಮಾನ’ವನ್ನು ಬರೆದರು, ಅದಕ್ಕೆ 1985ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಸಂದಿತು.

ದುರ್ಗಕ್ಕೆ ದೊರೆತ ಈ ಭಾಗ್ಯವು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಎಷ್ಟೋ ಗ್ರಾಮಗಳಿಗೆ ದೊರೆತಿಲ್ಲ. ಅಲ್ಲಿ ಕೆರೆಯ ಏರಿಗೊಂದು, ವೀರಗಲ್ಲಿಗೊಂದು ಕಥೆಯಿದ್ದರೂ ಹೇಳುವ ಹಿರಿಯರೊಡನೆ ಅವು ಅಳಿಯುತ್ತಲಿವೆ. ಮಾತಾಪಿತೃಗಳು ಅವನ್ನು ಮಕ್ಕಳಿಗೆ ಹೇಳಬೇಕು. ಓದುಬರಹ ಬಲ್ಲ ನಮ್ಮ ಹಳೆಯ ವಿದ್ಯಾರ್ಥಿನಿಯರು ಕೇಳಿ ಬರೆದಿಡಬೇಕು. ಶಾಸನದಲ್ಲಿರುವುದು ಇದು, ಬಾಯಿಂದ ಬಂದುದು ಇದು ಎಂದು ಬೇರ್ಪಡಿಸಿ ಎರಡನ್ನೂ ಕಾಪಾಡಿದರೆ, ಒಂದೇ ಶಬ್ದದಲ್ಲಿ ಕೂಡಿರುವ ವಿಚಾರಣೆಗೂ ಕಥೆಗೂ ನ್ಯಾಯ ಸಲ್ಲಿಸಿದಂತಾಗುವುದು.