ಮೂಗಿಗಿಂತ ಭಾರವಾದ ಮೂಗುತಿ

ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ಗೂ ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಝಡ್‌ಗೂ ನೇರ ನಂಟೇ ಇಲ್ಲ. ಆದರೂ 2024ರ ಮಾರ್ಚ್ 29ರಂದು ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಬಯಲಿಗೆಳೆದ ಹಿಂಬಾಗಿಲು ಎಕ್ಸ್‌ಝಡ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅಡಗಿ ಎಸ್‌ಎಸ್‌ಎಚ್ ಸರ್ವರ್‌ಗೇ ಹೊಂಚು ಹಾಕಿತ್ತು. ಲಾಗಿನ್‌ಗೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂಬ ಅನುಮಾನದಿಂದ ಅವರು ಅದರ ಬೆನ್ನು ಹತ್ತಿದ್ದರು.

ಎಸ್‌ಎಸ್‌ಎಚ್, ಎಕ್ಸ್‌ಝಡ್ ಎರಡನ್ನೂ ಬೆಸೆದವರು ಯಾರು? ಡಿಪೆಂಡೆನ್ಸಿಗಳನ್ನು, ಅಂದರೆ ಒಂದು ತಂತ್ರಾಂಶ ಓಡಲು ಬೇಕಾದ ಇತರ ತಂತ್ರಾಂಶಗಳನ್ನು, ಅದನ್ನು ಬರೆದವರೇ ತೀರ್ಮಾನಿಸುತ್ತಾರೆ, ಪ್ಯಾಕೇಜ್ ಮಾಡುವವರದು ಬರೀ ಪೊಟ್ಟಣ ಕಟ್ಟುವ ಕೆಲಸ ಎಂಬುದು ಹಲವರ ನಂಬಿಕೆ. ಇಲ್ಲಿ ನಡೆದದ್ದೇ ಬೇರೆ. ಸರ್ವರ್ ಸಿದ್ಧವಾಗಿದೆ ಎಂದು, ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿಗೆ ತಿಳಿಸಲು ಡೆಬಿಯನ್, ಫೆಡೋರಾದಂಥ ಲಿನಕ್ಸ್ ವಿತರಣೆಗಳು ತಮ್ಮದೇ ಪ್ಯಾಚ್ ಹಾಕಿ ಲಿಬ್‌ಸಿಸ್ಟಮ್‌ಡಿ ಲೈಬ್ರರಿಯನ್ನು ಜೋಡಿಸಿಕೊಂಡಿದ್ದವು. ಅದರ ಬೆನ್ನಿಗೇ ಎಕ್ಸ್‌ಝಡ್ ಲೈಬ್ರರಿಯೂ ಬಂತು. ನಿಜಕ್ಕೂ ಬೇಕಿದ್ದುದು ಒಂದು ಸಾಕೆಟ್‌ಗೆ ‘ರೆಡಿ=1’ ಎಂದು ಬರೆಯುವುದಷ್ಟೇ! ಆರ್ಚ್ ಲಿನಕ್ಸ್ ಕೂಡ ಸೋಂಕಿತ ಎಕ್ಸ್‌ಝಡ್ ಹಂಚಿತ್ತು. ಆದರೆ ಅದರ ಎಸ್‌ಎಸ್‌ಎಚ್‌ಗೆ ಈ ಜೋಡಣೆ ಇರಲಿಲ್ಲವಾದ್ದರಿಂದ ಆ ದಾರಿಯೇ ತೆರೆದಿರಲಿಲ್ಲ. 2024ರ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8 ಆ ಸಂದೇಶ ಕಳಿಸುವ ಕೋಡನ್ನು ತಾನೇ ಬರೆದುಕೊಂಡಿತು, ಲೈಬ್ರರಿಯ ಹಂಗಿಲ್ಲದೆ.

ಇನ್ನೊಂದು ನಂಬಿಕೆ: ಡಿಪೆಂಡೆನ್ಸಿ ಪಟ್ಟಿಯನ್ನು ಯಂತ್ರವೇ ತಯಾರಿಸಿದೆ, ಅಂದಮೇಲೆ ಎಲ್ಲವೂ ಬೇಕಾದದ್ದೇ. ಡೆಬಿಯನ್‌ನ ಡಿಪಿಕೆಜಿ-ಎಸ್‌ಎಚ್‌ಲಿಬ್‌ಡೆಪ್ಸ್ ಎಂಬ ಸಾಧನ ಬೈನರಿ ಫೈಲಿನಲ್ಲಿ ದಾಖಲಾಗಿರುವ ಲೈಬ್ರರಿಗಳನ್ನು ಓದಿ ಪಟ್ಟಿ ಮಾಡುತ್ತದೆ. ಪ್ರೋಗ್ರಾಂ ಒಂದು ಲೈಬ್ರರಿಯ ಒಂದೇ ಒಂದು ಫಂಕ್ಷನ್ನನ್ನೂ ಕರೆಯದಿದ್ದರೂ, ಲಿಂಕ್ ಮಾಡುವಾಗ ಅದರ ಹೆಸರು ಹೇಳಿದ್ದರೆ ಸಾಕು, ದಾಖಲಾಗಿಬಿಡಬಹುದು. ಲಿಂಕರ್‌ಗೆ ‘ಆಸ್-ನೀಡೆಡ್’ ಆಯ್ಕೆ ಕೊಟ್ಟರೆ ಇಂಥ ಹೆಸರುಗಳು ಉದುರಿಹೋಗುತ್ತವೆ. ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಓಡುತ್ತಿರುವಾಗ ಡಿಎಲ್‌ಓಪನ್ ಮೂಲಕ ಎಳೆದುಕೊಳ್ಳುವ ಲೈಬ್ರರಿ ಆ ದಾಖಲೆಯಲ್ಲಿ ಕಾಣುವುದೇ ಇಲ್ಲ. ಅದನ್ನು ಪ್ಯಾಕೇಜ್ ಮಾಡುವವರು ಕೋಡ್ ಓದಿ ಕೈಯಾರೆ ಸೇರಿಸಬೇಕು.

ಲೈಬ್ರರಿಯ ಕೋಡನ್ನೇ ನಕಲು ಮಾಡಿ ಒಳಗಿಟ್ಟುಕೊಂಡರೆ ಡಿಪೆಂಡೆನ್ಸಿ ಕಡಿಮೆಯಾಯಿತು ಎನ್ನುವವರಿದ್ದಾರೆ. ಪಟ್ಟಿಯಲ್ಲಿ ಕಡಿಮೆಯಾಗುತ್ತದೆ, ನಿಜ. ಆದರೆ 2002ರಲ್ಲಿ ಝಡ್‌ಲಿಬ್ ಎಂಬ ಲೈಬ್ರರಿಯಲ್ಲಿ ಒಂದೇ ಮೆಮೊರಿಯನ್ನು ಎರಡು ಸಲ ಬಿಡುಗಡೆ ಮಾಡುವ ದೋಷ ಸಿಕ್ಕಾಗ, ಹಂಚಿಕೆಯ ಲೈಬ್ರರಿಯನ್ನು ಒಮ್ಮೆ ಸರಿಪಡಿಸಿದ್ದು ಸಾಲಲಿಲ್ಲ. ಅದರ ನಕಲನ್ನು ಹೊಟ್ಟೆಯಲ್ಲಿಟ್ಟುಕೊಂಡ ತಂತ್ರಾಂಶಗಳನ್ನು ಒಂದೊಂದಾಗಿ ಹುಡುಕಿ ರಿಪೇರಿ ಮಾಡಬೇಕಾಯಿತು.

ಹಾಗೆಂದು ಡಿಪೆಂಡೆನ್ಸಿಗೆ ಕತ್ತರಿ ಹಿಡಿದವರಿಗೆಲ್ಲ ಮುಕ್ತ ಅವಕಾಶ ಕೊಡುವಂತಿಲ್ಲ. ‘ಐಚ್ಛಿಕ’ ಎಂದರೆ ‘ಅನಗತ್ಯ’ ಎಂಬುದು ಕನ್ನಡಿಗರಿಗೆ ನೇರವಾಗಿ ತಟ್ಟುವ ತಪ್ಪು ಕಲ್ಪನೆ. ಚಿತ್ರದ ಮೇಲೆ ಅಕ್ಷರ ಬರೆಯಲು ಪೈಥಾನ್‌ನಲ್ಲಿ ಬಳಸುವ ಪಿಲ್ಲೋ ಲೈಬ್ರರಿಗೆ ಅಕ್ಷರಗಳನ್ನು ಜೋಡಿಸುವ ರಾಕ್ಮ್ ಐಚ್ಛಿಕ. ರಾಕ್ಮ್ ಬಂದರೆ ಹಾರ್ಫ್‌ಬಝ್, ಫ್ರಿಬಿಡಿಗಳೂ ಜೊತೆಗೆ ಬರುತ್ತವೆ. ಇಂಗ್ಲಿಷ್ ಮಾತ್ರ ಬರೆಯುವವರಿಗೆ ಇದೆಲ್ಲ ಹೊರೆ ಅನ್ನಿಸುವುದು ಸಹಜ. ಮೂರನ್ನೂ ಕಿತ್ತು ಪ್ಯಾಕೇಜ್ ಕಟ್ಟಿದರೂ ಇಂಗ್ಲಿಷ್ ಪರೀಕ್ಷೆಗಳು ಪಾಸಾಗುತ್ತವೆ. ‘ಅಕ್ಷರ’ ಎಂದು ಬರೆಸಿದರೆ ಮಾತ್ರ ಒತ್ತಕ್ಷರ ಕೂಡಿಕೊಳ್ಳದೆ ಕ, ಷಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಸುಮ್ಮನೆ ಬಳಸಿದರೆ ಯಾವ ದೋಷ ಸಂದೇಶವೂ ಬರುವುದಿಲ್ಲ, ಏಕೆಂದರೆ ಪಿಲ್ಲೋ ಸದ್ದಿಲ್ಲದೆ ತನ್ನ ಸರಳ ಜೋಡಣೆಗೆ ಇಳಿದಿರುತ್ತದೆ.

ಇಂಥ ಕಡೆ ಡೆಬಿಯನ್ ಪ್ಯಾಕೇಜ್‌ಗಳಲ್ಲಿ ‘ಡಿಪೆಂಡ್ಸ್’, ‘ರೆಕಮೆಂಡ್ಸ್’, ‘ಸಜೆಸ್ಟ್ಸ್’ ಎಂಬ ಮೂರು ಮೆಟ್ಟಿಲುಗಳಿವೆ. ಎರಡನೆಯದನ್ನು ಪ್ಯಾಕೇಜ್‌ಗಳನ್ನು ಅನುಸ್ಥಾಪಿಸುವ ಆಪ್ಟ್ ತಾನಾಗಿ ಹಾಕುತ್ತದೆ, ಬೇಡವೆಂದವರು ಬಿಡಬಹುದು. ಆದರೆ ಕಂಟೇನರ್ ಕಟ್ಟುವ ಅನೇಕರು ‘ನೋ-ಇನ್‌ಸ್ಟಾಲ್-ರೆಕಮೆಂಡ್ಸ್’ ಎಂಬ ಆಯ್ಕೆಯನ್ನು ಕಣ್ಣುಮುಚ್ಚಿ ಬರೆಯುತ್ತಾರೆ. ಕನ್ನಡ ಫಾಂಟ್ ‘ರೆಕಮೆಂಡ್ಸ್’ ಮೆಟ್ಟಿಲಿನಲ್ಲಿದ್ದರೆ, ಪಿಡಿಎಫ್ ತುಂಬ ಚೌಕಗಳು.